ಛತ್‌ವಾಲೇ ಸಾಹೇಬರು

ಬನಾರಸಿನ ಬಿಲ್ಡರುಗಳು ಅವರಿಗೆ ಹೆದರುತ್ತಿದ್ದರೆಂದು ಈಗ ಯಾರಾದರೂ ಹೇಳಿದರೆ ನಂಬಬೇಡಿ. ಯಾರೂ ಹೆದರುತ್ತಿರಲಿಲ್ಲ. ಸಾಹೇಬರು ರಜೆಯಲ್ಲಿರುವ ದಿನ ನೋಡಿಕೊಂಡು ಬಂದು, ಪಕ್ಕದ ಟೇಬಲಿನಲ್ಲಿ ಕೆಲಸ ಮುಗಿಸಿಕೊಂಡು ಹೋಗುತ್ತಿದ್ದರು. ದಾರಿಯಲ್ಲಿ ಎದುರಾದರೆ ನಗುತ್ತಾ ಕೈಮುಗಿದು, “ಕಾ ಹೋ ಛತ್‌ವಾಲೇ ಸಾಹೇಬ್, ಸಬ್ ಠೀಕ್?” ಎಂದು ವಿಚಾರಿಸುತ್ತಿದ್ದರು. “ಠೀಕೇ ಬಾ”, ಎಲ್ಲ ಸರಿಯಿದೆ, ಎಂದು ಅವರೂ ನಗುತ್ತಿದ್ದರು. ಆ ನಗುವಿನಲ್ಲಿ ಸಿಟ್ಟಿರುತ್ತಿರಲಿಲ್ಲ. ದಣಿವು ಮಾತ್ರ ಇರುತ್ತಿತ್ತು.

ಛತ್ ಎಂದರೆ ತಾರಸಿ. ನಗರದಲ್ಲಿ ಮನೆ, ಅಂಗಡಿ, ಹೋಟೆಲು ಏನು ಕಟ್ಟುವುದಿದ್ದರೂ ಅದರ ನಕ್ಷೆಗೆ ಒಪ್ಪಿಗೆ ಕೊಡುವ ಕಚೇರಿಯಲ್ಲಿ ಅವರು ಇಂಜಿನಿಯರಾಗಿದ್ದರು. ಉಳಿದ ಇಂಜಿನಿಯರುಗಳು ರಸ್ತೆಗೆ ಎಷ್ಟು ಜಾಗ ಬಿಟ್ಟಿದ್ದಾರೆ, ಎಷ್ಟು ಮಹಡಿ ಏರಿಸಿದ್ದಾರೆ ಎಂದು ನೋಡಿದರೆ, ಇವರು ಮೊದಲು ಮೇಲಿನ ಮಹಡಿಯ ಹಾಳೆ ತೆಗೆಯುತ್ತಿದ್ದರು. “ಇಲ್ಲಿ ಯಾರು ಮಲಗ್ತಾರೆ? ಅವರ ತಲೆ ಮೇಲೆ ಏನಿದೆ?” ಎಂಬುದು ಅವರ ಪ್ರಶ್ನೆ. ಬರೀ ಕಾಂಕ್ರೀಟಿನ ಸ್ಲ್ಯಾಬು ಎಂದು ಉತ್ತರ ಬಂದರೆ ಪೆನ್ನಿನ ಮುಚ್ಚಳ ಹಾಕಿ ಕುರ್ಚಿಗೆ ಒರಗಿಬಿಡುತ್ತಿದ್ದರು. ಸುಸ್ತಾದ ಅಜ್ಜಿ ಮೊಮ್ಮಗನಿಗೆ ಹೇಳುವ ಧಾಟಿಯಲ್ಲಿ, ಅದರ ಮೇಲೊಂದು ಶಾಖ ತಡೆಯುವ ಪದರ ಹಾಕಿ, ಮೇಲೆ ಬಿಳಿ ಟೈಲಿನ ಚೂರು ಹೊದಿಸಿ ಎಂದು ವಿವರಿಸುತ್ತಿದ್ದರು. ಕೇಳಿಸಿಕೊಂಡವರು “ಬಿಲ್ಕುಲ್, ಬಿಲ್ಕುಲ್” ಎಂದು ಎದ್ದುಹೋಗುತ್ತಿದ್ದರು.

ಈ ಶ್ರಾವಣದಲ್ಲಿ ಅವರು ತೀರಿಕೊಂಡರು. ಬೆಳಗಿನ ಚಹಾ ಕುಡಿದು, ಎದೆ ಹಿಡಿದಂತಾಗುತ್ತಿದೆ ಎಂದವರು ಆಸ್ಪತ್ರೆಯ ಬಾಗಿಲು ಮುಟ್ಟಲಿಲ್ಲ.

ನಾನು ಧಾರವಾಡದವಳು. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಕಟ್ಟಡ ವಿಜ್ಞಾನ ಕಲಿಸುತ್ತೇನೆ. ಅಸ್ಸಿ ಘಾಟಿನ ಹತ್ತಿರ ಮನೆ. ನಗರದ ಕಟ್ಟಡ ನಿಯಮಗಳೊಳಗೆ ಇಂಧನ ಸಂಹಿತೆಯನ್ನು ಸೇರಿಸಲು ಒಂದು ಸಮಿತಿ ಮಾಡಿದಾಗ ನನ್ನನ್ನೂ ಅದಕ್ಕೆ ಹಾಕಿದ್ದರು. ಕಟ್ಟಡವೊಂದು ಕಡಿಮೆ ವಿದ್ಯುತ್ತಿನಲ್ಲಿ ತಂಪಾಗಿ, ಬೆಳಕಾಗಿ ಇರಬೇಕಾದರೆ ಅದರ ಗೋಡೆ, ಕಿಟಕಿ, ಛಾವಣಿ ಹೇಗಿರಬೇಕೆಂದು ಹೇಳುವ ನಿಯಮಾವಳಿ ಅದು. ಸಭೆಯಲ್ಲಿ ಎಲ್ಲರೂ ಅದನ್ನು ‘ಕೋಡ್’ ಎನ್ನುತ್ತಿದ್ದರು. ಮೊದಲ ಸಭೆಯಲ್ಲಿ ನಾನು ನನ್ನ ಹಿಂದಿಯಲ್ಲಿ ಏನೋ ಹೇಳಿ ಕೂತೆ. ಚಹಾಕ್ಕೆ ಎದ್ದಾಗ ಬಿಳಿ ಅಂಗಿಯ, ಕಿವಿಯಲ್ಲಿ ಕೂದಲು ಬೆಳೆದ ಒಬ್ಬರು ಹತ್ತಿರ ಬಂದು ಕನ್ನಡದಲ್ಲಿ ಕೇಳಿದರು:

“ನಿಮ್ಮ ಹಿಂದೀಲಿ ಜೋಳದ ರೊಟ್ಟಿ ವಾಸನೆ ಬರ್ತಿದೆಯಲ್ಲಮ್ಮ. ಧಾರವಾಡವೋ, ಗದಗವೋ?”

“ಧಾರವಾಡ್ರಿ ಸರ್. ನೀವು?”

“ಇಲ್ಲಿಯವನೇ. ಶಿವಾಲ.”

“ಅದಕ್ಕ ಮೊದಲ?”

“ಅದಕ್ಕೆ ಮೊದ್ಲೂ ಶಿವಾಲ. ಅಜ್ಜನ ಅಜ್ಜ ಯಾವಾಗಲೋ ಮೈಸೂರ ಕಡೆಯಿಂದ ಬಂದ್ರಂತೆ. ಯಾವ ಊರು ಅಂತ ಕೇಳಿದ್ರೆ ನಮ್ಮ ಮನೇಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರೆ.”

ಕೇದಾರ ಘಾಟಿನ ಹತ್ತಿರ ಶಿವಾಲದಲ್ಲಿ ಅವರದು ಪುರೋಹಿತರ ಮನೆತನ. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಸಂಕಲ್ಪ ಮಾಡಿಸುವುದು, ಪಿಂಡ ಹಾಕಿಸುವುದು, ಊಟ ವಸತಿಗೆ ವ್ಯವಸ್ಥೆ ಮಾಡುವುದು ತಲೆತಲಾಂತರದ ಕೆಲಸ. ಅವರ ತಮ್ಮ ಅದನ್ನೇ ಮುಂದುವರಿಸಿದ್ದರು. ಇವರು ಇಂಜಿನಿಯರಿಂಗ್ ಓದಿ ಸರ್ಕಾರಿ ಕಚೇರಿ ಸೇರಿದ್ದರು. ಕರ್ನಾಟಕದಲ್ಲಿ ಒಂದು ವಾರವೂ ಇದ್ದವರಲ್ಲ. ಬಾಲ್ಯದಿಂದ ಕಿವಿಗೆ ಬಿದ್ದದ್ದು ಮನೆಯವರ ಮತ್ತು ಯಾತ್ರಿಕರ ಕನ್ನಡ ಮಾತ್ರ. ಆದ್ದರಿಂದ ಒಂದೇ ವಾಕ್ಯದಲ್ಲಿ ಮಂಡ್ಯವೂ ಮಂಗಳೂರೂ ಸೇರಿ, ಕೊನೆಗೆ ‘ಮತ್ಲಬ್’ ಎಂಬ ಹಿಂದಿ ಬಾಲ ಹತ್ತಿಕೊಳ್ಳುತ್ತಿತ್ತು. ನನ್ನ ‘ಹೌದ್ರಿ’ಯನ್ನು ಅವರು ಬೇಗನೆ ಎತ್ತಿಕೊಂಡು ಕಚೇರಿಯ ಜವಾನನ ಮೇಲೂ ಪ್ರಯೋಗಿಸಿದರು.

ಯಾವ ಕೋಣೆಗೆ ಕಾಲಿಟ್ಟರೂ ಅವರ ಬಲಗೈ ಗೋಡೆಗೆ ಹೋಗುತ್ತಿತ್ತು. ಅಂಗೈಯಲ್ಲ, ಹಿಂಗೈ. ತಾಯಿ ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. ಅಧ್ಯಕ್ಷರ ಕೋಣೆಯಲ್ಲೂ ನೋಡುತ್ತಿದ್ದರು, ಮದುವೆಮನೆಯಲ್ಲೂ ನೋಡುತ್ತಿದ್ದರು. ಒಮ್ಮೆ ನನ್ನ ಮನೆಗೆ ಬಂದಾಗ ಪಶ್ಚಿಮದ ಗೋಡೆ ಮುಟ್ಟಿ, “ಪ್ರೊಫೆಸರ್ ಮನೆಗೇ ಜ್ವರ ಇದೆ” ಎಂದು ಗಂಭೀರವಾಗಿ ಹೇಳಿದ್ದರು. ಮುಂದಿನ ವಾರ ಆ ಕಿಟಕಿಯ ಹೊರಗೆ ಬಿದಿರಿನ ಚಿಕ್ ಪರದೆ ಕಟ್ಟಿಸಿದೆ.

ಇದರ ಹಿಂದೆ ಏನಾದರೂ ಕಾರಣವಿರಬೇಕೆಂದು ಕೇಳಿದ್ದೆ. “ಕಾರಣ ಬೇಕಾ? ಜೂನ್‌ನಲ್ಲಿ ಬನ್ನಿ” ಎಂದರು. ಹೋದೆ. ಊರ ಹೊರಗಿನ ಒಂದು ಹೊಸ ಬಡಾವಣೆಯಲ್ಲಿ, ಅವರದೇ ಕಚೇರಿ ಒಪ್ಪಿಗೆ ಕೊಟ್ಟಿದ್ದ ಒಂದು ಕಟ್ಟಡದ ಮೇಲಿನ ಮಹಡಿ. ಹೊರಗೆ ಲೂ ಎಂಬ ಬೇಸಿಗೆಯ ಬಿಸಿಗಾಳಿ ಬೀಸುತ್ತಿತ್ತು. ಒಳಗೆ ಒಬ್ಬ ಹೆಂಗಸು ಹೊಲಿಗೆ ಯಂತ್ರದ ಮುಂದೆ ಒದ್ದೆ ದುಪಟ್ಟಾ ಹೊದ್ದು ಕೂತಿದ್ದಳು. ಫ್ಯಾನು ತಿರುಗುತ್ತಿತ್ತು, ಆದರೆ ಅದರಿಂದ ಬರುತ್ತಿದ್ದುದು ಒಲೆಯ ಗಾಳಿ. ಅವಳಿಗೆ ಸಾಹೇಬರು ಪರಿಚಯ. ನನ್ನತ್ತ ತಿರುಗಿ, “ಛತ್ ರಾತ್ ಭರ್ ಆಗ್ ಉಗಲೇಲಾ, ದೀದಿ” ಎಂದಳು. ಹಗಲೆಲ್ಲ ನುಂಗಿದ ಬೆಂಕಿಯನ್ನು ತಾರಸಿ ರಾತ್ರಿಯಿಡೀ ಉಗುಳುತ್ತದೆ ಎಂದು ಅದರರ್ಥ. ಒಂದು ಸೆಕೆಂಡ್‌ಹ್ಯಾಂಡ್ ಎ.ಸಿ. ಕೊಳ್ಳಬೇಕೆಂದಿದ್ದಾಳಂತೆ.

ಮೆಟ್ಟಿಲಿಳಿಯುವಾಗ ಅವರು ಹೇಳಿದರು: “ಅವಳು ಎ.ಸಿ. ಹಾಕಿಸ್ತಾಳೆ. ಅದು ಹಿಂದಿನ ಕಿಟಕಿಯಿಂದ ಬಿಸಿ ಉಗಿಯತ್ತೆ. ಅದಕ್ಕೆ ಹಿಂದಿನ ಮನೆಯೋರೂ ಹಾಕಿಸ್ತಾರೆ. ಆಮೇಲೆ ಇಡೀ ಗಲ್ಲಿ ಒಬ್ಬರ ಮೇಲೊಬ್ಬರು ಬಿಸಿ ಉಗೀತಾ ಕೂತಿರತ್ತೆ. ಒಂದಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗತ್ತೆ. ಕಟ್ಟೋವಾಗ್ಲೇ ತಲೆ ಮೇಲೊಂದು ಟೋಪಿ ಹಾಕಿದ್ರೆ ಇಷ್ಟೆಲ್ಲಾ ಬೇಕಿತ್ತಾ?”

ಹಾಗೆಂದು ಹಳೆಯದನ್ನು ಹೊಗಳುವವರಲ್ಲ. ಶಿವಾಲದ ಅವರ ಮನೆಗೆ ಮೊದಲ ಸಲ ಹೋದಾಗ ಆ ದಪ್ಪ ಗೋಡೆ, ನಡುವಿನ ಅಂಗಳ, ಮೇ ತಿಂಗಳಲ್ಲೂ ತಣ್ಣಗಿದ್ದ ಕೆಳಗಿನ ಕೋಣೆ ನೋಡಿ ನಾನು ಬೆರಗಾಗಿ ಮಾತಾಡತೊಡಗಿದ್ದೆ. ಅವರು ಅರ್ಧಕ್ಕೇ ತಡೆದರು. “ಹಳೇ ಮನೇನ ಹೊಗಳ್ಬೇಡಿ. ಈ ಕೋಣೇಲಿ ಬೆಳಕಿಲ್ಲ. ನಮ್ಮಮ್ಮ ಇಲ್ಲಿ ಅಕ್ಕಿ ಆರಿಸಿ ಆರಿಸಿ ಕಣ್ಣು ಕಳ್ಕೊಂಡ್ಳು. ನನಗೆ ಹಳೇದು ಬೇಡ. ಹೊಸದು ಸರಿಯಾಗಿರ್ಬೇಕು, ಅಷ್ಟೇ.”

ಆ ಮನೆಯ ಅಂಗಳದ ಒಂದು ಕಡೆ ಅವರು, ಅವರ ಹೆಂಡತಿ. ಎದುರು ಕಡೆ ತಮ್ಮನ ಸಂಸಾರ. ಅಡುಗೆಮನೆ ಒಂದೇ. ಓರಗಿತ್ತಿಯರಿಬ್ಬರೂ ಕನ್ನಡದಲ್ಲಿ ಶುರುಮಾಡಿ ಹಿಂದಿಯಲ್ಲಿ ಜಗಳ ಮುಗಿಸುತ್ತಿದ್ದರು.

ಇನ್ನು ಸಮಿತಿ. ಅದರ ಬಗ್ಗೆ ಬರೆಯಲು ಹೊರಟರೇ ಆಕಳಿಕೆ ಬರುತ್ತದೆ. ಕೋಡ್ ಎಂಬುದು ಮೇಲಿನಿಂದ ಬಂದಿತ್ತು, ಆದರೆ ದೊಡ್ಡ ಹೋಟೆಲು, ಮಾಲುಗಳಂಥ ಕಟ್ಟಡಗಳಿಗೆ ಮಾತ್ರ. ನಮ್ಮ ಊರು ತುಂಬಿರುವುದು ಸಣ್ಣ ಮನೆ, ಸಣ್ಣ ಲಾಡ್ಜು, ಹಾಸ್ಟೆಲು, ಅಂಗಡಿಗಳಿಂದ. ಅವುಗಳಿಗೂ ಮೂರೇ ಮೂರು ಮಾತು ಅನ್ವಯಿಸಲಿ ಎಂಬುದು ಅವರ ಬೇಡಿಕೆ. ಛಾವಣಿಗೆ ಶಾಖ ತಡೆಯುವ ಹೊದಿಕೆ, ಪಶ್ಚಿಮದ ಕಿಟಕಿಗೆ ನೆರಳು, ಗಾಳಿ ಒಂದು ಕಡೆ ಬಂದು ಇನ್ನೊಂದು ಕಡೆ ಹೋಗುವಂತೆ ತೆರೆಯುವ ಕಿಟಕಿ. ಬಿಲ್ಡರುಗಳ ಪ್ರತಿನಿಧಿ ಒಬ್ಬರಿದ್ದರು. ಜನಕ್ಕೆ ಹೊರೆಯಾಗುತ್ತದೆ ಎಂದು ಅವರು ಪ್ರತಿಸಲವೂ ತುಂಬಾ ವಿನಯದಿಂದ ಹೇಳುತ್ತಿದ್ದರು. ಅಧ್ಯಕ್ಷರು ಮುಂದಿನ ಸಭೆಯಲ್ಲಿ ನೋಡೋಣ ಎನ್ನುತ್ತಿದ್ದರು. ಅಧ್ಯಕ್ಷರು ಬದಲಾಗುತ್ತಿದ್ದರು. ಹೊಸಬರಿಗೆ ಮೊದಲಿನಿಂದ ಹೇಳಬೇಕು. ಇವರು ಹೇಳುತ್ತಿದ್ದರು. ಅದೇ ಮಾತು, ಅದೇ ಅನುಕ್ರಮ, ದನಿಯಲ್ಲಿ ಒಂಚೂರು ಹೆಚ್ಚಿದ ದಣಿವು.

ಕೊನೆಗೊಂದು ದಿನ ಕರಡು ಒಪ್ಪಿತವಾಯಿತು. ಮೂರೂ ಮಾತು ಅದರಲ್ಲಿದ್ದವು. ಒಂದೇ ಒಂದು ಪದ ಬದಲಾಗಿತ್ತು. ನಾವು ‘ಅನಿವಾರ್ಯ’ ಎಂದು ಬರೆದ ಕಡೆಯಲ್ಲೆಲ್ಲ ‘ವಾಂಛನೀಯ’ ಎಂದಾಗಿತ್ತು. ಹಿಂದಿಯಲ್ಲಿ ಅನಿವಾರ್ಯ ಎಂದರೆ ಕಡ್ಡಾಯ. ವಾಂಛನೀಯ ಎಂದರೆ ಮಾಡಿದರೆ ಒಳ್ಳೆಯದು.

ಹೊರಗೆ ಬಂದು ನಾನು ಸಿಟ್ಟಿನಿಂದ, “ಇಷ್ಟ ವರ್ಷ ಕುಂತು ಇದನ್ನ ಮಾಡಿದ್ವಿ ಏನ್ರಿ ಸರ್?” ಎಂದೆ.

ಅವರು ಸ್ಕೂಟರಿನ ಸೀಟು ಒರೆಸುತ್ತಾ, “ವಾಂಛನೀಯ ಅಂದ್ರೆ ಮದುವೆ ಊಟದಲ್ಲಿ ಎರಡನೇ ಲಾಡು. ಬೇಕಿದ್ದೋರು ಹಾಕಿಸ್ಕೋಬಹುದು,” ಎಂದರು. ಸ್ಕೂಟರು ಮೂರು ಒದೆತಕ್ಕೂ ಹೊರಡಲಿಲ್ಲ. ಅದನ್ನು ತಳ್ಳಿಕೊಂಡು ಗೇಟಿನ ತನಕ ಹೋದರು.

ಆ ಪದ ಅವರ ಮನೆಗೇ ಬಂದು ಊಟಕ್ಕೆ ಕೂತದ್ದು ಮುಂದಿನ ಯುಗಾದಿಗೆ. ಹಬ್ಬಕ್ಕೆ ನನ್ನನ್ನು ಕರೆದಿದ್ದರು. ಅವರ ತಮ್ಮ ಆಗ ಹತ್ತಿರದ ಮುಖ್ಯರಸ್ತೆಯಲ್ಲಿ ಕರ್ನಾಟಕದ ಯಾತ್ರಿಕರಿಗಾಗಿ ಒಂದು ಲಾಡ್ಜು ಕಟ್ಟಿಸಲು ಹೊರಟಿದ್ದರು. ಕೆಟ್ಟ ಮನುಷ್ಯನಲ್ಲ ಅವರು. ರೈಲು ತಡವಾಗಿ ಬಂದ ಯಾತ್ರಿಕರಿಗೆ ತಾವೇ ನಿಂತು ಮೊಸರನ್ನ ಬಡಿಸಿದ್ದನ್ನು, ಮುದುಕರ ಕೈಹಿಡಿದು ಘಾಟಿನ ಮೆಟ್ಟಿಲಿಳಿಸಿದ್ದನ್ನು ನಾನೇ ನೋಡಿದ್ದೇನೆ. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಅವರು ಅಣ್ಣನನ್ನು ಕೇಳಿದರು:

“ನಕ್ಷಾ ಕೊಟ್ಟಿದೀನಿ ಅಣ್ಣ. ನಿನ್ನ ಟೇಬಲ್‌ಗೆ ಬಂತಾ?”

“ಬಂತು. ನಮ್ಮ ಮನೇದು ಅಂತ ಹೇಳಿ ಬೇರೆಯವರಿಗೆ ಕಳ್ಸಿದೆ. ಕಳಿಸೋ ಮುಂಚೆ ನೋಡಿದೆ.”

“ಹೆಂಗಿದೆ?”

“ಪಶ್ಚಿಮಕ್ಕೆ ಪೂರ್ತಿ ಗಾಜು. ಮೇಲೆ ಬರೀ ಸ್ಲ್ಯಾಬು. ಅಲ್ಲಿ ಮಲಗೋರು ಯಾರು?”

“ಯಾತ್ರಿಗಳು. ಎಲ್ಲಾ ಕೋಣೆಗೂ ಎ.ಸಿ. ಇರತ್ತೆ.”

“ಬಿಜಲಿ ಹೋದ್ರೆ?”

“ಜನರೇಟರ್ ಇದೆ. ಲೈಟು ಫ್ಯಾನು ಎಳೆಯತ್ತೆ. ಈಗಿನ ಜನ ಫೋನಲ್ಲಿ ಫೋಟೋ ನೋಡಿ ಕೋಣೆ ಹಿಡೀತಾರೆ ಅಣ್ಣ. ಎದುರಿನ ಲಾಡ್ಜಿಗೆ ಗಾಜಿದೆ, ನನಗಿಲ್ಲ ಅಂದ್ರೆ ಯಾರು ಬರ್ತಾರೆ?”

“ಗಾಜು ಬಿಡು. ಮೇಲಿಂದಾದ್ರೂ ಸರಿ ಮಾಡು.”

ಸಾಹೇಬರ ತಮ್ಮ ಎಲೆಯಿಂದ ಕೈ ತೆಗೆದರು. “ಊರಿಗೆಲ್ಲ ಇಲ್ಲದ ಕಾನೂನು ಮನೆಯವರಿಗೆ ಯಾಕೆ? ನಿಮ್ಮ ಕಮಿಟೀನೇ ವಾಂಛನೀಯ ಅಂತ ಬರ್ದಿದೆಯಲ್ಲ. ನಾನು ಸಂಸ್ಕೃತ ಓದ್ದೋನು, ಆ ಪದದ ಅರ್ಥ ನನಗೂ ಗೊತ್ತು.”

ಬಡಿಸುತ್ತಿದ್ದ ಹೆಂಗಸರಿಬ್ಬರೂ ನಿಂತುಬಿಟ್ಟರು. ಸಾಹೇಬರು ಮೆತ್ತಗೆ, “ಅದು ನಾನು ಸೋತ ಪದ. ಅದನ್ನೇ ನನಗೆ ತೋರಿಸ್ತೀಯಲ್ಲ. ಕಾನೂನು ಹೇಳ್ತಿಲ್ಲಪ್ಪ, ಅಣ್ಣ ಅಂತ ಹೇಳ್ತಿದೀನಿ,” ಎಂದರು.

“ಅಣ್ಣ ಆಗಿದ್ರೆ ಹರಸು. ಇಂಜಿನಿಯರ್ ಆಗಿದ್ರೆ ಆಫೀಸಲ್ಲಿ ಹೇಳು.”

ಅಂದಿನಿಂದ ಅಣ್ಣತಮ್ಮಂದಿರ ಮಾತು ನಿಂತಿತು. ಹೇಳಬೇಕಾದ್ದು ಹೆಂಗಸರ ಮೂಲಕ ಆಚೆಯಿಂದೀಚೆಗೆ ಹೋಗುತ್ತಿತ್ತು. ಲಾಡ್ಜಿನ ಗೃಹಪ್ರವೇಶಕ್ಕೆ ಸಾಹೇಬರು ಹೋದರು, ಪ್ರಸಾದ ತೆಗೆದುಕೊಂಡರು, ಮೇಲಿನ ಮಹಡಿ ಹತ್ತದೆ ಬಂದರು.

ಮರುವರ್ಷದ ಮೇ ತಿಂಗಳು. ತಿಪಟೂರು ಕಡೆಯ ಒಂದು ತಂಡ ಆ ಲಾಡ್ಜಿನಲ್ಲಿ ಇಳಿದಿತ್ತು. ಬೆಳಿಗ್ಗೆ ದಶಾಶ್ವಮೇಧದಲ್ಲಿ ಸ್ನಾನ, ದರ್ಶನ ಮುಗಿಸಿ ಉಂಡು ಮಲಗಿದ್ದರು. ಮಧ್ಯಾಹ್ನ ಆ ರಸ್ತೆಯ ಟ್ರಾನ್ಸ್‌ಫಾರ್ಮರು ಸುಟ್ಟಿತು. ಎ.ಸಿ.ಗಳು ನಿಂತವು. ತಂಡದವರು ಒಬ್ಬೊಬ್ಬರಾಗಿ ಕೆಳಗಿನ ಹಜಾರಕ್ಕೆ ಇಳಿದು ಬಂದರು. ಮೇಲಿನ ಮಹಡಿಯ ಒಬ್ಬ ಮುದುಕಿ ಮಾತ್ರ ಮಂಡಿನೋವು, ಮೆಟ್ಟಿಲು ಆಗುವುದಿಲ್ಲ ಎಂದು ಅಲ್ಲೇ ಉಳಿದರು. ಜೊತೆಗೆ ಅವರ ಗಂಡ. ಮುಚ್ಚಿದ ಗಾಜು, ಮೇಲೆ ಕಾದ ಸ್ಲ್ಯಾಬು, ಬಿಸಿ ಸುತ್ತಿಸುವ ಫ್ಯಾನು. ಸಾಹೇಬರ ತಮ್ಮನ ಹೆಂಡತಿ ಮಜ್ಜಿಗೆ ತೆಗೆದುಕೊಂಡು ಹೋದಾಗ ಮುದುಕಿ ಯಾವುದೋ ಹಳೆಯ ಕಾಲದ ಮಾತಾಡುತ್ತಿದ್ದರಂತೆ. ಮೈಯಲ್ಲಿ ಬೆವರೇ ಇರಲಿಲ್ಲವಂತೆ.

ತಮ್ಮನ ಹೆಂಡತಿ ಆಗ ಗಂಡನನ್ನು ಹುಡುಕಲಿಲ್ಲ. ನೇರ ಹಳೆಮನೆಗೆ ಓಡಿದರು. “ಭಾವ, ಬೇಗ ಬನ್ನಿ. ಮೇಲಿನ ಕೋಣೆ.”

ಸಾಹೇಬರು ಹೋಗಿ, ನಾಲ್ಕು ಜನ ಸೇರಿ ಮುದುಕಿಯನ್ನು ಹಾಸಿಗೆ ಸಮೇತ ಇಳಿಸಿ, ಹಳೆಮನೆಯ ಆ ಕತ್ತಲೆ ಕೋಣೆಯಲ್ಲಿ ಮಲಗಿಸಿ ಒದ್ದೆ ಪಂಚೆ ಹೊದಿಸಿದರು. ಆಂಬುಲೆನ್ಸು ಬರುವ ತನಕ ನೀರು ಚಿಮುಕಿಸಿದರು. ನನಗೆ ಫೋನ್ ಮಾಡಿ, “ಆಸ್ಪತ್ರೇಲಿ ಯಾರಾದ್ರೂ ನಮ್ಮವರಿದಾರಾ ಅಮ್ಮ?” ಎಂದು ಕೇಳಿದರು. ನಾನು ಪರಿಚಯದ ಕನ್ನಡದ ಡಾಕ್ಟರನ್ನು ಕರೆದುಕೊಂಡು ಹೋದೆ. ಅವರು ನೋಡಿ ತಲೆಯಾಡಿಸಿದರು. ಮರುದಿನ ಮುದುಕಿ ಹೋದರು.

ಸಂಸ್ಕಾರವನ್ನು ಇಲ್ಲೇ ಮಾಡಿದರು. ಎಲ್ಲವನ್ನೂ ಸಾಹೇಬರ ತಮ್ಮನೇ ನಿಂತು ನಡೆಸಿದರು. ಅವರ ಮುಖ ಬೂದಿಯಾಗಿತ್ತು. ತಂಡದ ಹೆಂಗಸರು ಅತ್ತು, ಅಳು ಮುಗಿದ ಮೇಲೆ ಮುದುಕಿಯ ಅದೃಷ್ಟವನ್ನು ಕೊಂಡಾಡಿದರು. ಕಾಶಿಯಲ್ಲಿ, ಗಂಗಾಸ್ನಾನ ಮಾಡಿ, ಮುತ್ತೈದೆಯಾಗಿ ಹೋದಳು, ಯಾರಿಗುಂಟು ಇಂಥ ಪುಣ್ಯ ಎಂದರು. ಗಲ್ಲಿಯವರೂ ಅದನ್ನೇ ಹಿಂದಿಯಲ್ಲಿ ಹೇಳಿದರು. ಆ ಕೋಣೆಯ ಸುದ್ದಿ ಯಾರೂ ಎತ್ತಲಿಲ್ಲ.

ಸಾಹೇಬರಿಗೆ ಅದನ್ನು ತಾಳಿಕೊಳ್ಳಲಾಗಲಿಲ್ಲ. ಅಂಗಳದಲ್ಲಿ ಒಬ್ಬರೇ ಕೂತಿದ್ದ ಆ ಮುದುಕರ ಹತ್ತಿರ ಹೋಗಿ ನೆಲದ ಮೇಲೆ ಕೂತರು. ನಾನು ಅಲ್ಲೇ ಕಂಬದ ಪಕ್ಕದಲ್ಲಿದ್ದೆ.

“ಒಂದು ಮಾತು ಹೇಳ್ಬೇಕು ಯಜಮಾನ್ರೇ. ನಿಮ್ಮ ಮನೆಯವರು ಹೋಗಿದ್ದು ಆ ಕೋಣೆಯಿಂದ. ಆ ಕೋಣೆ ಹಾಗಾಗತ್ತೆ ಅಂತ ನನಗೆ ಗೊತ್ತಿತ್ತು. ತಡೆಯೋಕೆ ನನ್ನ ಕೈಲಾಗಲಿಲ್ಲ.”

ಮುದುಕರು ತಲೆಯೆತ್ತಿ ನೋಡಿದರು.

“ನಂಗೂ ಗೊತ್ತು ಸ್ವಾಮಿ. ಅದೇ ರೂಮಲ್ಲಿ ನಾನೂ ಇದ್ನಲ್ಲ. ಟವಲ್ ನೆನೆಸಿ ನೆನೆಸಿ ಬೀಸ್ತಿದ್ದೆ. ಕೈ ಸೋತೋಯ್ತು.”

ಮತ್ತೆ ಅವರೇ ಮಾತು ಮುಂದುವರಿಸಿದರು.

“ಊರಿಗೋದ್ರೆ ಮಕ್ಕಳು ಕೇಳ್ತಾರೆ. ಕಾಶೀಲಿ ಮುಕ್ತಿ ಸಿಕ್ತು ಅಂದ್ರೆ ಕೈಮುಗಿದು ಸುಮ್ಕಾಗ್ತಾರೆ. ಸೆಕೇಲಿ ಬೆಂದೋದ್ಲು ಅಂದ್ರೆ, ನೀನ್ಯಾಕೆ ಕೆಳಗಿಳಿಸ್ಕೊಂಡು ಬರ್ಲಿಲ್ಲ ಅಂತಾರೆ. ನನಗೆ ಮುಕ್ತೀನೇ ಇರ್ಲಿ ಬಿಡಿ. ನೀವು ಹೇಳ್ತಿರೋದನ್ನ ನನ್ನ ಹತ್ರ ಹೇಳಿ ಏನಾಗ್ಬೇಕು? ಹೇಳ್ಬೇಕಾದೋರ ಹತ್ರ ಹೇಳಿ.”

ಸಾಹೇಬರು ಎದ್ದು ಒಳಗೆ ಹೋದರು. ಅಂದು ಊಟ ಮಾಡಲಿಲ್ಲ ಎಂದು ಅವರ ಹೆಂಡತಿ ಆಮೇಲೆ ಹೇಳಿದರು.

ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ನಮ್ಮದು ಇರಲೇ ಇಲ್ಲ. ಸಭೆ ಮುಗಿಯುವ ಹೊತ್ತಿಗೆ ಇವರು ಎದ್ದು ನಿಂತರು. ಯಾವತ್ತೂ ಕೂತೇ ಮಾತಾಡುತ್ತಿದ್ದವರು. ಹಿಂದಿಯಲ್ಲಿ, ಸಾವಕಾಶವಾಗಿ, ಆ ಮಧ್ಯಾಹ್ನದ ಸಂಗತಿಯನ್ನೆಲ್ಲ ಹೇಳಿದರು. ಯಾವ ರಸ್ತೆ, ಎಷ್ಟನೇ ಮಹಡಿ, ಗೋಡೆ ಯಾವ ದಿಕ್ಕಿಗಿತ್ತು ಎಂಬುದನ್ನೂ. ಯಾರ ಕಟ್ಟಡ ಅದು ಎಂದು ಯಾರೋ ಕೇಳಿದರು. “ನನ್ನ ತಮ್ಮನದು,” ಎಂದರು. “ನಮ್ಮ ನಿಯಮದ ಪ್ರಕಾರ ಅದರಲ್ಲಿ ಒಂದು ತಪ್ಪೂ ಇಲ್ಲ.”

ಬಿಲ್ಡರುಗಳ ಪ್ರತಿನಿಧಿ ಎಂದಿನ ವಿನಯದಿಂದ, ವಯಸ್ಸಾದವರು, ಪ್ರಯಾಣದ ಆಯಾಸ, ಕಾಶಿಯಲ್ಲಿ ಪ್ರಾಣ ಬಿಡಲೆಂದೇ ಬಂದಿರುತ್ತಾರೆ ಎಂದು ಶುರುಮಾಡಿದರು.

“ಸ್ನಾನ ಮಾಡಿ ಊರಿಗೆ ಹೋಗೋಕೆ ಬಂದಿದ್ದರು. ವಾಪಸ್ ಟಿಕೆಟು ಇತ್ತು,” ಎಂದು ಇವರು ತಡೆದರು. “ಬೇರೆ ಊರಲ್ಲಿ ಸತ್ತರೆ ಹೇಗೆ ಸತ್ತರು ಅಂತ ಜನ ಕೇಳ್ತಾರೆ. ಈ ಊರಲ್ಲಿ ಯಾರೂ ಕೇಳೋದಿಲ್ಲ. ಅದಕ್ಕೇ ನಾವು ಕೇಳಬೇಕು.”

ಸಭೆಯ ಕೋಣೆಯಲ್ಲಿ ಎ.ಸಿ. ಸದ್ದು ಮಾಡುತ್ತಿತ್ತು. ಅಂದಿನ ಅಧ್ಯಕ್ಷರು ಹೊಸಬರು, ಮುಂದಿನ ಸಭೆ ಎನ್ನಲು ಬಾಯಿ ತೆರೆದವರು ಮುಚ್ಚಿಕೊಂಡರು.

ಲಾಡ್ಜು, ಹಾಸ್ಟೆಲು, ಧರ್ಮಶಾಲೆಗಳ ಮಟ್ಟಿಗೆ, ಛಾವಣಿಯ ಮಟ್ಟಿಗೆ, ಪದ ಬದಲಾಯಿತು. ಅನಿವಾರ್ಯ. ಈಗಾಗಲೇ ಕಟ್ಟಿದವರೂ ಮೇಲಿನ ಮಹಡಿಯನ್ನು ಸರಿಪಡಿಸಿಯೇ ಯಾತ್ರಿಕರನ್ನು ಇಳಿಸಬೇಕು. ಕಿಟಕಿಗಳದ್ದು ಹಾಗೇ ಉಳಿಯಿತು. ಮನೆಗಳದ್ದಂತೂ ಪೂರ್ತಿ ಹಾಗೇ ಉಳಿಯಿತು. ಹೊಲಿಗೆಯ ಹೆಂಗಸಿನ ತಲೆಯ ಮೇಲಿನ ಸ್ಲ್ಯಾಬು ಇಂದಿಗೂ ವಾಂಛನೀಯವೇ. ನಾನು ಅಭಿನಂದನೆ ಹೇಳಿದರೆ ಅವರು, “ಒಂದು ಜೀವ ಕೊಟ್ಟು ಅರ್ಧ ಛತ್ ತಗೊಂಡ್ವಿ,” ಎಂದು ಕನ್ನಡಕ ತೆಗೆದು ಒರೆಸಿದರು.

ಆ ನಿಯಮದಡಿ ಮೊದಲು ಮುಚ್ಚಿದ್ದು ಅವರ ತಮ್ಮನ ಲಾಡ್ಜಿನ ಮೇಲಿನ ಮಹಡಿ. ಶಿವಾಲದ ನಮ್ಮ ಕನ್ನಡದವರೆಲ್ಲ ಒಡಹುಟ್ಟಿದವನ ಅನ್ನಕ್ಕೇ ಕಲ್ಲು ಹಾಕಿದರು ಎಂದು ಆಡಿಕೊಂಡರು. ಯಾರ ಮನೆಯ ಹೋಮಕ್ಕೂ ಹಬ್ಬಕ್ಕೂ ಅವರಿಗೆ ಕರೆ ಬರುವುದು ಕಡಿಮೆಯಾಯಿತು. ಅವರು ಯಾರಿಗೂ ಸಮಜಾಯಿಷಿ ಕೊಡಲಿಲ್ಲ. ಅಡುಗೆಮನೆ ಮಾತ್ರ ಒಂದೇ ಉಳಿಯಿತು. ಅದನ್ನು ಬೇರೆ ಮಾಡಲು ಓರಗಿತ್ತಿಯರು ಒಪ್ಪಲಿಲ್ಲ.

ನಿವೃತ್ತಿಯಾದ ಮೇಲೆ ಕೆಲವು ಸಂಜೆ ಅಸ್ಸಿಗೆ ಬರುತ್ತಿದ್ದರು. ಚಹಾದಂಗಡಿಯ ಬೆಂಚಿನ ಮೇಲೆ, ಹುಡುಗರ ಗಿಟಾರು ಚರ್ಚೆಗಳ ನಡುವೆ, ಮಣ್ಣಿನ ಕುಲ್ಹಡ್ ಹಿಡಿದು ಕೂರುತ್ತಿದ್ದರು. ಮನೆಗಳ ವಿಷಯ ಮತ್ತೆ ಎತ್ತೋಣವೇ ಎಂದು ನಾನು ಕೇಳಿದರೆ, “ಎತ್ತಿ. ನೀವು ಎತ್ತಿ. ನನಗೆ ದಣಿವಾಗಿದೆ ಅಮ್ಮ. ನಿದ್ದೆ ಮಾಡಿದ್ರೆ ಹೋಗೋ ದಣಿವಲ್ಲ ಇದು,” ಎನ್ನುತ್ತಿದ್ದರು. ಆದರೆ ಮನೆ ಕಟ್ಟುವವರು ಯಾರಾದರೂ ಬಂದು ಕೇಳಿದರೆ ಕೂತಲ್ಲೇ ಬೆರಳಿನಿಂದ ಮೇಜಿನ ಮೇಲೆ ಗೆರೆ ಎಳೆದು ತೋರಿಸುತ್ತಿದ್ದರು. ಚಹಾದಂಗಡಿಯವನು ಆ ಗೆರೆಗಳ ಮೇಲೆಯೇ ಬಟ್ಟೆ ಎಳೆದು ಒರೆಸುತ್ತಿದ್ದ.

ತಮ್ಮನ ಹೆಸರು ಅವರ ಬಾಯಲ್ಲಿ ಬರುತ್ತಿರಲಿಲ್ಲ. ನಾನೂ ಎತ್ತುತ್ತಿರಲಿಲ್ಲ.

ಸಾಹೇಬರ ಉತ್ತರಕ್ರಿಯೆಗೆ ಹೋದಾಗ ಗಂಗೆ ಉಕ್ಕಿ ಮೆಟ್ಟಿಲುಗಳನ್ನು ನುಂಗಿದ್ದಳು. ಎಲ್ಲ ಮನೆಯ ಅಂಗಳದಲ್ಲೇ ನಡೆಯಿತು. ತಮ್ಮನೇ ಎಲ್ಲವನ್ನೂ ಮಾಡಿದರು. ಎಷ್ಟೋ ಊರಿನ ಎಷ್ಟೋ ಜನರ ಗೋತ್ರನಾಮಗಳನ್ನು ಎಡವದೆ ಹೇಳಿದ ಅವರ ನಾಲಿಗೆ ಅಣ್ಣನ ಹೆಸರು ಬಂದಾಗಲೆಲ್ಲ ಒಂದು ಕ್ಷಣ ನಿಲ್ಲುತ್ತಿತ್ತು.

ಊಟವಾದ ಮೇಲೆ ನನ್ನನ್ನು ಕರೆದು, “ಅಕ್ಕ, ಸ್ವಲ್ಪ ಬನ್ನಿ,” ಎಂದು ಲಾಡ್ಜಿಗೆ ಕರೆದುಕೊಂಡು ಹೋದರು. ತಾರಸಿಯ ತನಕ ಹತ್ತಿಸಿದರು. ಮಳೆ ನಿಂತು ಬಿಸಿಲು ಬಿದ್ದಿತ್ತು. ಇಡೀ ತಾರಸಿಗೆ ಬಿಳಿ ಟೈಲಿನ ಚೂರು ಹೊದಿಸಿತ್ತು. ಪಶ್ಚಿಮದ ಗಾಜಿನ ಹೊರಗೆ ನೆರಳಿನ ಪಟ್ಟಿಗಳು. ಅದನ್ನು ಮಾಡಬೇಕೆಂದು ನಿಯಮವೂ ಇರಲಿಲ್ಲ.

“ಅವನು ಹೇಳಿದ್ದ ಹಾಗೇ ಮಾಡಿಸ್ದೆ. ಹೋದ ಚಳಿಗಾಲದಲ್ಲಿ. ಒಂದ್ಸಲ ಬಂದು ನೋಡ್ತಾನೆ ಅಂದ್ಕೊಂಡಿದ್ದೆ. ಬರ್ಲಿಲ್ಲ.”

ಅವರೇ ಮುಂದುವರಿಸಿದರು.

“ಈ ಮೇ ತಿಂಗಳಲ್ಲಿ ಮತ್ತೆ ಬಿಜಲಿ ಹೋಯ್ತು ಅಕ್ಕ. ಮಧ್ಯಾಹ್ನವೇ. ಮೇಲಿನ ಮಹಡಿ ತುಂಬಾ ಜನ ಇದ್ರು, ಹಾಸನದ ಕಡೆಯೋರು. ಈಗ ಇಳಿದು ಬರ್ತಾರೆ, ಆಗ ಇಳಿದು ಬರ್ತಾರೆ ಅಂತ ಹಜಾರದಲ್ಲಿ ಕಾಯ್ತಾ ಕೂತೆ. ಒಬ್ಬರೂ ಬರ್ಲಿಲ್ಲ. ನನಗೆ ಜೀವ ಹಾರಿಹೋಯ್ತು. ಓಡಿ ಹೋಗಿ ಒಂದೊಂದೇ ಬಾಗಿಲು ತಟ್ಟಿ ನೋಡ್ದೆ. ಎಲ್ಲರೂ ನಿದ್ದೆ ಮಾಡ್ತಿದ್ರು. ಒಬ್ಬ ಅಜ್ಜಿ ಎದ್ದು ಬಂದು, ಯಾಕಪ್ಪ ಎಬ್ಬಿಸ್ದೆ ಅಂತ ಬೈದ್ರು.”

ಅವರು ಹೆಗಲ ಮೇಲಿನ ಅಂಗವಸ್ತ್ರದಿಂದ ಮುಖ ಒರೆಸಿಕೊಂಡರು.

“ಅಣ್ಣನಿಗೆ ಹೇಳೋಣ ಅಂತ ಅಂಗಳದ ತನಕ ಹೋದೆ. ಅವನು ಬಾಗಿಲಲ್ಲಿ ಕೂತು ಪೇಪರ್ ಓದ್ತಿದ್ದ. ತಲೆ ಎತ್ತಲಿಲ್ಲ. ನಾನೂ ಕರೀಲಿಲ್ಲ.”